ಅಡ್ಡಗೋಡೆಯ ಮೇಲೆ ದೀಪ ಇಟ್ಟವರಿಗೆ

ಅರ್ಥವಾಗದ ಬರವಣಿಗೆ ಬಹಳ ಸಲ ಬರೆಯುವವರ ಅಶಕ್ತಿಯಲ್ಲ, ಅವರ ಅನುಕೂಲ ಎಂದು ಹಿಂದಿನ ಲೇಖನದಲ್ಲಿ ಬರೆದಿದ್ದೆ. ಸರ್ಕಾರಿ ಹಿಂಬರಹ, ವಿಮಾ ಪಾಲಿಸಿ, ಕೋರ್ಟಿನ ತೀರ್ಪು, ನಮ್ಮ ಸಾಹಿತ್ಯ ವಿಮರ್ಶೆ ನಾಲ್ಕನ್ನೂ ಒಟ್ಟಿಗೆ ಎಳೆದು ತಂದಿದ್ದರಿಂದ ನಾಲ್ಕೂ ದಿಕ್ಕಿನಿಂದ ಆಕ್ಷೇಪ ಬಂದಿದೆ. ಒಬ್ಬರು ನಿವೃತ್ತ ಕಂದಾಯ ಅಧಿಕಾರಿ, ಇಬ್ಬರು ವಕೀಲರು, ವಿಮಾ ವ್ಯವಹಾರದಲ್ಲಿರುವವರೊಬ್ಬರು, ಕನ್ನಡ ಕಲಿಸುವ ಮೇಷ್ಟ್ರುಗಳು ಕೆಲವರು. ಬೈಗುಳವನ್ನು ಅವರಿಗೇ ಬಿಟ್ಟು ವಾದಗಳನ್ನಷ್ಟೇ ಎತ್ತಿಕೊಂಡಿದ್ದೇನೆ. ಕೆಲವು ವಾದಗಳಲ್ಲಿ ತೂಕವಿದೆ, ಅಲ್ಲಿ ನಿಧಾನಿಸುತ್ತೇನೆ.

ಪ್ರತಿ ಕಸುಬಿಗೂ ಅದರದೇ ಪರಿಭಾಷೆ ಇರುತ್ತದೆ, ಅದನ್ನು ತೆಗೆದರೆ ಕೆಲಸ ನಿಲ್ಲುತ್ತದೆ ಎಂಬುದು ಮೊದಲನೆಯದು. ಪೋಡಿ, ಖರಾಬು, ಆಕಾರಬಂದು ಇಲ್ಲದೆ ಕಂದಾಯ ಇಲಾಖೆ ನಡೆಸಿ ನೋಡೋಣ ಎಂದು ಹಿರಿಯ ಅಧಿಕಾರಿಗಳು ಸವಾಲು ಹಾಕಿದ್ದಾರೆ. ತೆಗೆಯಿರಿ ಎಂದು ನಾನೆಲ್ಲೂ ಹೇಳಿಲ್ಲ. ಪಹಣಿ, ಹಿಸ್ಸಾ, ಚೆಕ್ಕುಬಂದಿ ರೈತರ ಬಾಯಲ್ಲಿ ದಿನಾ ಓಡಾಡುವ ಮಾತು. ಓದು ಬಾರದ ಅಜ್ಜಿಗೂ ತಮ್ಮ ಸರ್ವೆ ನಂಬರು ಪೋಡಿಯಾಗಿದೆಯೋ ಇಲ್ಲವೋ ಗೊತ್ತಿರುತ್ತದೆ. ಆಕೆ ಮುಗ್ಗರಿಸುವುದು ಪದದ ಮೇಲಲ್ಲ, ವಾಕ್ಯದ ಒಳಗೆ. ಕೆಳಗಿನದು ನಾನೇ ಕಟ್ಟಿದ ಮಾದರಿ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಇದು ಹೊಸದೆನಿಸಲಾರದು:

“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (1)ರ ತಮ್ಮ ಮನವಿಯನ್ನು ಉಲ್ಲೇಖ (2)ರ ಸುತ್ತೋಲೆಯ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿ, ಸದರಿ ಜಮೀನಿಗೆ ಸಂಬಂಧಿಸಿದ ದಾಖಲೆಗಳು ಪೂರ್ಣ ಪ್ರಮಾಣದಲ್ಲಿ ಲಭ್ಯವಿಲ್ಲದಿರುವುದು ಕಂಡುಬಂದಿರುವುದರಿಂದ, ಪ್ರಸ್ತುತ ಹಂತದಲ್ಲಿ ನಿಯಮಾನುಸಾರ ಕ್ರಮವಹಿಸಲು ಅವಕಾಶವಿರುವುದಿಲ್ಲವೆಂದು ಪರಿಗಣಿಸಿ, ಸದರಿ ಮನವಿಯನ್ನು ವಿಲೇಗೊಳಿಸಲಾಗಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.”

ಇಲ್ಲಿ ಪೋಡಿಯೂ ಇಲ್ಲ, ಆಕಾರಬಂದೂ ಇಲ್ಲ. ಕಸುಬಿನ ಮಾತು ಎನ್ನುವಂಥದ್ದು ಒಂದೂ ಇಲ್ಲ. ಆದರೂ ಯಾರು ಪರಿಶೀಲಿಸಿದರು, ಯಾವ ದಾಖಲೆ ಸಿಗಲಿಲ್ಲ, ಆ ದಾಖಲೆಯನ್ನು ಕಾಪಾಡಬೇಕಾದವರು ಅರ್ಜಿದಾರರೋ ಕಚೇರಿಯ ರೆಕಾರ್ಡ್ ರೂಮಿನವರೋ, ‘ಪ್ರಸ್ತುತ ಹಂತ’ ದಾಟುವುದು ಯಾವಾಗ, ಯಾವುದಕ್ಕೂ ಉತ್ತರವಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಬೇರೆ. ಹತ್ತು ‘ಇರುವುದರಿಂದ’, ‘ಪರಿಗಣಿಸಿ’ಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಓದುಗರು ಕೊನೆಯವರೆಗೆ ನಡೆಯಬೇಕು. ಕೆಲಸ ಆಯಿತೋ ಇಲ್ಲವೋ ಎಂಬುದು ಕೊನೆಯ ಎರಡು ಪದಗಳ ತನಕ ತಿಳಿಯುವುದಿಲ್ಲ, ಈ ಮಾದರಿಯಲ್ಲಂತೂ ಅಲ್ಲಿಗೆ ಬಂದ ಮೇಲೂ ತಿಳಿಯುವುದಿಲ್ಲ. ಇದನ್ನೇ ಹೀಗೆ ಬರೆಯಬಹುದಿತ್ತು: “ನಿಮ್ಮ ಸರ್ವೆ ನಂಬರಿನ ಮೂಲ ಟಿಪ್ಪಣಿ ನಮ್ಮ ರೆಕಾರ್ಡ್ ರೂಮಿನಲ್ಲಿ ಸಿಕ್ಕಿಲ್ಲ. ಹಾಗಾಗಿ ಪೋಡಿ ಮಾಡಿಲ್ಲ. ನಿಮ್ಮ ಅರ್ಜಿಯನ್ನು ಮುಚ್ಚಿದ್ದೇವೆ.” ಈಗ ತಪ್ಪು ಎಲ್ಲಿದೆ ಎಂಬುದು ಮೊದಲ ವಾಕ್ಯದಲ್ಲೇ ಹೊರಬಿತ್ತು. ಉದ್ದದ ವಾಕ್ಯ ಯಾಕೆ ಬೇಕಾಯಿತು ಎಂಬುದಕ್ಕೂ ಉತ್ತರ ಅಲ್ಲೇ ಸಿಕ್ಕಿತು.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಎರಿಕ್ ಮಾರ್ಟಿನೆಜ್, ಫ್ರಾನ್ಸಿಸ್ ಮೊಲಿಕಾ, ಎಡ್ವರ್ಡ್ ಗಿಬ್ಸನ್ ಎಂಬ ಸಂಶೋಧಕರು ಇಂಗ್ಲಿಷ್ ಕರಾರುಪತ್ರಗಳನ್ನು ಹಿಡಿದು ಇದನ್ನೇ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಓದುಗರನ್ನು ಸುಸ್ತು ಮಾಡುವುದು ಕಾನೂನಿನ ಕಠಿಣ ಪರಿಕಲ್ಪನೆಗಳಲ್ಲ, ಕೆಟ್ಟ ವಾಕ್ಯರಚನೆ, ಅದರಲ್ಲೂ ಒಂದು ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು ವಾಕ್ಯ ತುರುಕುವ ಚಾಳಿ ಎಂಬುದು ಅವರಿಗೆ ಕಂಡದ್ದು.

ಈಗ ವಕೀಲ ಮಿತ್ರರು. “ನಿಮ್ಮ ಸರಳ ಭಾಷೆಯಲ್ಲಿ ಕರಾರು ಬರೆದರೆ ನಾಳೆ ಒಂದೊಂದು ಸಾಲಿಗೂ ಒಂದೊಂದು ದಾವೆ ಬೀಳುತ್ತದೆ. ಕಾನೂನಿನ ಭಾಷೆ ಕಷ್ಟವಾಗಿರುವುದು ಖಚಿತವಾಗಿರಲಿ ಎಂದು.” ಕೇಳಲು ನ್ಯಾಯವೆನಿಸುತ್ತದೆ. ಆದರೆ ಆ ಸಂಶೋಧಕರೇ 2023ರಲ್ಲಿ ಅಮೆರಿಕದ ವಕೀಲರ ಮುಂದೆ ಎರಡೂ ಬಗೆಯ ಕರಾರು ಇಟ್ಟು ನೋಡಿದರು. ವಕೀಲರಿಗೂ ಸರಳವಾದದ್ದೇ ಚೆನ್ನಾಗಿ ಅರ್ಥವಾಯಿತು, ಚೆನ್ನಾಗಿ ನೆನಪಿನಲ್ಲಿ ಉಳಿಯಿತು. ಕೋರ್ಟಿನಲ್ಲಿ ನಿಲ್ಲುವ ವಿಷಯದಲ್ಲಿ ಅದು ಯಾವ ರೀತಿಯಲ್ಲೂ ಕಡಿಮೆಯಿಲ್ಲ ಎಂದೂ ಅವರೇ ಹೇಳಿದರು.

ಅಮೆರಿಕದ ಮಾತು ನಮಗ್ಯಾಕೆ ಎನ್ನುವವರಿಗೆ ನಮ್ಮ ಸುಪ್ರೀಂ ಕೋರ್ಟೇ ಇದೆ. 2017ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಒಂದು ಆದೇಶ, ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ನಡುವಿನ ಜಗಳದ್ದು, ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಮುಂದೆ ಬಂತು. ಅದರಲ್ಲಿ ಏನು ಬರೆದಿದೆಯೆಂದು ಅರ್ಥವಾಗದೆ ಅವರು ಅದನ್ನು ರದ್ದು ಮಾಡಿ ವಾಪಸ್ ಕಳಿಸಿದರು. ಮೇಲ್ಮನವಿಯಲ್ಲಿ ಸರಿಯೋ ತಪ್ಪೋ ಎಂದು ಹೇಳುವ ಮಾತು ಹಾಗಿರಲಿ, ಯಾರು ಗೆದ್ದರೆಂದೇ ಗೊತ್ತಾಗದ ಖಚಿತತೆ ಅದು! 2021ರಲ್ಲಿ ಅದೇ ಹೈಕೋರ್ಟಿನ ಇನ್ನೊಂದು ತೀರ್ಪು, ಈ ಸಲ ಬ್ಯಾಂಕ್ ನೌಕರರೊಬ್ಬರ ಪ್ರಕರಣ. ಅದನ್ನು ಓದಿ ಟೈಗರ್ ಬಾಮ್ ಹಚ್ಚಿಕೊಳ್ಳಬೇಕಾಯಿತು ಎಂದು ನ್ಯಾಯಮೂರ್ತಿ ಎಂ.ಆರ್. ಶಾ ವಿಚಾರಣೆಯ ವೇಳೆ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಮರುವರ್ಷ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಅವರು ಆ ಪ್ರಕರಣದ ನೆಪದಲ್ಲಿ ತೀರ್ಪು ಬರೆಯುವುದು ಹೇಗೆಂದು ಒಂದು ಪಾಠವನ್ನೇ ಬರೆದರು. ತೀರ್ಪು ಯಾರ ಬದುಕನ್ನು ಮುಟ್ಟುತ್ತದೋ ಅವರಿಗೆ ಅದು ಅರ್ಥವಾಗಬೇಕು ಎಂಬುದು ಅದರ ತಿರುಳು. ಕಷ್ಟದ ಭಾಷೆ ದಾವೆ ತಪ್ಪಿಸುತ್ತದೆ ಎಂದ ಮಿತ್ರರು ಈ ಎರಡು ಪ್ರಕರಣಗಳಲ್ಲಿ ಕಕ್ಷಿದಾರರು ಹೆಚ್ಚುವರಿಯಾಗಿ ಎಷ್ಟು ವರ್ಷ ಅಲೆದರೆಂದು ಲೆಕ್ಕ ಹಾಕಲಿ.

ಇದು ಹಳೆಯ ಕಾಯಿಲೆ ಎಂಬುದಕ್ಕೆ ಒಂದು ತಮಾಷೆ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಫ್ರೆಂಚ್ ನಡೆಯುತ್ತಿತ್ತು, ಜನರಿಗೆ ತಮ್ಮ ಮೇಲಿನ ಆರೋಪವೇನೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಇನ್ನು ಮುಂದೆ ಇಂಗ್ಲಿಷಿನಲ್ಲೇ ವಾದ ನಡೆಯಬೇಕೆಂದು 1362ರಲ್ಲಿ ಕಾನೂನು ಮಾಡಿದರು. ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ.

ವಿಮೆಯವರ ಆಕ್ಷೇಪ ಬೇರೆ ಬಗೆಯದು: ಎಲ್ಲವನ್ನೂ ಪಾಲಿಸಿಯಲ್ಲಿ ಬರೆದೇ ಇರುತ್ತೇವೆ, ಓದದೆ ಸಹಿ ಹಾಕುವುದು ಗ್ರಾಹಕರ ತಪ್ಪು. ಒಂದು ಷರತ್ತನ್ನು ಹತ್ತಿರದಿಂದ ನೋಡೋಣ. ಐದು ಲಕ್ಷದ ಆರೋಗ್ಯ ವಿಮೆ, ಕೋಣೆ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 5,000 ರೂಪಾಯಿ ಮಿತಿ ಎಂದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಆ ದರದ ಕೋಣೆ ಖಾಲಿಯಿಲ್ಲ, 10,000ದ ಕೋಣೆಗೆ ಸೇರಿಸಿದಿರಿ. ನಾಲ್ಕು ದಿನಕ್ಕೆ 40,000. ಶಸ್ತ್ರಚಿಕಿತ್ಸೆ, ಡಾಕ್ಟರ ಫೀಸು, ನರ್ಸಿಂಗ್ ಎಲ್ಲ ಸೇರಿ 1,60,000. ಮಿತಿ ಮೀರಿದ 20,000 ಕೈಯಿಂದ ಹೋಗುತ್ತದೆ, ಹೋಗಲಿ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಬಿಲ್ಲು ಬಂದಾಗ ಕಂಪನಿ ಕೊಡುವುದು ಒಟ್ಟು ಒಂದು ಲಕ್ಷ. ಯಾಕೆಂದರೆ ಕೋಣೆ ಎಷ್ಟು ಪಟ್ಟು ದುಬಾರಿಯೋ ಅದೇ ಪ್ರಮಾಣದಲ್ಲಿ ಆ 1,60,000ದಲ್ಲೂ ಕಡಿತ. ಇದು ಪಾಲಿಸಿಯಲ್ಲಿ ‘ಸಂಬಂಧಿತ ವೈದ್ಯಕೀಯ ವೆಚ್ಚಗಳ ಅನುಪಾತೀಯ ಕಡಿತ’ ಎಂಬ ಧಾಟಿಯಲ್ಲಿ ಇತ್ತು, ನಿಜ. ವ್ಯಾಖ್ಯೆ ಒಂದು ಪುಟದಲ್ಲಿ, ಮಿತಿ ಇನ್ನೊಂದರಲ್ಲಿ, ಕಡಿತ ಮತ್ತೊಂದರಲ್ಲಿ. ಮೇಲೆ ನಾನು ಕೊಟ್ಟಂಥ ಲೆಕ್ಕವನ್ನು ಅದೇ ಕಾಗದದಲ್ಲಿ ಹಾಕಲು ಎಂಟು ಸಾಲು ಸಾಕಿತ್ತು. ಹಾಕಿದ್ದರೆ ಕೆಲವರು ಬೇರೆ ಪಾಲಿಸಿ ಕೊಳ್ಳುತ್ತಿದ್ದರು, ಅಷ್ಟೇ.

ಓದದೆ ಸಹಿ ಹಾಕಿದ್ದು ನಿಮ್ಮ ತಪ್ಪು ಎನ್ನುವ ಮಾತನ್ನು ಕಾನೂನೂ ಪೂರ್ತಿ ಒಪ್ಪುವುದಿಲ್ಲ. ಪಾಲಿಸಿಯ ಮಾತು ಎರಡು ಅರ್ಥಕ್ಕೆ ಎಡೆ ಕೊಟ್ಟರೆ ಬರೆದವರ ವಿರುದ್ಧವೇ ಅದನ್ನು ಓದಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1966ರಷ್ಟು ಹಿಂದೆಯೇ ಎತ್ತಿಹಿಡಿದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜನವರಿ 1ರಿಂದ ಆರೋಗ್ಯ ಪಾಲಿಸಿಯ ಜೊತೆ ಸರಳ ಭಾಷೆಯ ಮಾಹಿತಿ ಪತ್ರವೊಂದನ್ನು ಹೊಸ ಮಾದರಿಯಲ್ಲಿ ಕಡ್ಡಾಯ ಮಾಡಿತು. ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯಿರಿ. ರಿಸರ್ವ್ ಬ್ಯಾಂಕ್ ಕೂಡ ಅದೇ ವರ್ಷ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆ ಮುಖ್ಯಾಂಶಗಳ ಪತ್ರ ಕಡ್ಡಾಯ ಮಾಡಿದೆ, ಎಲ್ಲ ಖರ್ಚೂ ಸೇರಿದ ವಾರ್ಷಿಕ ಬಡ್ಡಿದರ ಅದರಲ್ಲಿರಬೇಕು. ಇದು ಯಾಕೆ ಬೇಕಾಯಿತೆಂದರೆ, ‘ಶೇ 12 ಫ್ಲಾಟ್’ ಎಂದು ಹೇಳಿ ಒಂದು ಲಕ್ಷವನ್ನು ಮೂರು ವರ್ಷಕ್ಕೆ ಕೊಟ್ಟು ತಿಂಗಳಿಗೆ 3,778 ರೂಪಾಯಿ ಕಂತು ವಸೂಲು ಮಾಡಿದರೆ ನಿಜವಾದ ಬಡ್ಡಿ ಶೇ 21 ದಾಟುತ್ತದೆ. ಹೇಳಿದ್ದರಲ್ಲಿ ಸುಳ್ಳಿಲ್ಲ, ತಿಳಿಸಿದ್ದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ.

ಇನ್ನು ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ ಆಕ್ಷೇಪ. ಅದು ಆ ನಿವೃತ್ತ ಅಧಿಕಾರಿಗಳದ್ದೇ. “ಉದ್ದೇಶಪೂರ್ವಕ ಎಂದು ಬರೆದಿದ್ದೀರಿ. ನೀವು ಕಚೇರಿಯ ಒಳಗೆ ಕೂತಿಲ್ಲ. ಹೊಸದಾಗಿ ಸೇರಿದ ಹುಡುಗ ಹಿಂದಿನ ಕಡತ ತೆಗೆದು, ಹೆಸರು, ಸರ್ವೆ ನಂಬರು, ದಿನಾಂಕ ಬದಲಿಸಿ ಪ್ರಿಂಟ್ ಕೊಡುತ್ತಾನೆ. ಅವನಿಗೆ ಮೋಸದ ಯೋಚನೆ ಎಲ್ಲಿಂದ ಬರಬೇಕು?” ಒಪ್ಪುತ್ತೇನೆ. ಆ ಹುಡುಗನಿಗೆ ಯಾವ ಯೋಚನೆಯೂ ಇಲ್ಲ. ಅವನ ಭಯವನ್ನೂ ಒಪ್ಪುತ್ತೇನೆ. ‘ನಾನು ನೋಡಿದೆ, ನಾನು ತಿರಸ್ಕರಿಸಿದೆ’ ಎಂದು ಬರೆದರೆ ನಾಳೆ ಆಡಿಟ್‌ನವರು, ಲೋಕಾಯುಕ್ತದವರು ‘ನೀನ್ಯಾರು ತಿರಸ್ಕರಿಸಲು’ ಎಂದಾರು. ‘ಪರಿಶೀಲಿಸಲಾಗಿ ಕಂಡುಬಂದಿದೆ’ ಎಂದರೆ ಕಂಡವರಿಲ್ಲ, ಹಿಡಿಯುವವರೂ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೆ ಅಭ್ಯಾಸಬಲ ಎನ್ನುವುದಾದರೆ ಅದು ಎಲ್ಲ ಕಡೆಯೂ ಒಂದೇ ಸಮನಾಗಿ ಕಾಣಬೇಕಲ್ಲ? ಅದೇ ಸರ್ಕಾರದ, ಅದೇ ಸ್ಥಳೀಯ ಸಂಸ್ಥೆಗಳ ಇನ್ನೊಂದು ಬಗೆಯ ಕಾಗದ ತೆಗೆದು ನೋಡಿ. ಆಸ್ತಿ ತೆರಿಗೆಯ ಬೇಡಿಕೆ ಪತ್ರ, ಕರೆಂಟು ಬಿಲ್ಲು, ನೀರಿನ ಬಿಲ್ಲು. ಎಷ್ಟು ಕಟ್ಟಬೇಕು, ಯಾವ ತಾರೀಖಿನೊಳಗೆ, ತಪ್ಪಿದರೆ ದಂಡವೆಷ್ಟು, ಸಂಪರ್ಕ ಯಾವಾಗ ಕಡಿಯುತ್ತಾರೆ, ಎಲ್ಲಿ ಕಟ್ಟಬೇಕು, ಎಲ್ಲವೂ ಅಂಕಿಯಲ್ಲಿ, ದಪ್ಪಕ್ಷರದಲ್ಲಿ. ‘ನಿಯಮಾನುಸಾರ ಸೂಕ್ತ ಮೊತ್ತವನ್ನು ಸೂಕ್ತ ಕಾಲಾವಧಿಯಲ್ಲಿ ಪಾವತಿಸಲು ಕ್ರಮವಹಿಸುವುದು’ ಎಂದು ಯಾವ ವಿದ್ಯುತ್ ಕಂಪನಿಯೂ ಈವರೆಗೆ ಬರೆದಿಲ್ಲ. ವಿಮಾ ಕಂಪನಿಯ ಪ್ರೀಮಿಯಂ ನೋಟಿಸೂ ಹಾಗೆಯೇ, ಒಂದನೇ ಕ್ಲಾಸಿನ ಮಗುವೂ ಓದೀತು. ನಾವು ಕೊಡಬೇಕಾದ್ದರ ಭಾಷೆ ಸ್ಫಟಿಕ. ನಮಗೆ ಬರಬೇಕಾದ್ದರ ಭಾಷೆ ‘ಪರಿಶೀಲನೆಯಲ್ಲಿದೆ’. ಒಂದೇ ಕಚೇರಿ, ಒಂದೇ ಕಂಪ್ಯೂಟರು, ಒಂದೇ ಹುಡುಗ. ಹೀಗೆ ಒಂದೇ ಕಡೆಗೆ ವಾಲುವ ಅಭ್ಯಾಸವನ್ನು ಬರೀ ಅಭ್ಯಾಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹುಡುಗ ಹಳೆಯ ಕಡತವನ್ನು ನಕಲು ಮಾಡಿರಬಹುದು. ಆ ನಕಲು ನಮ್ಮ ಕೈಗೆ ಬರುವ ದಾರಿಯಲ್ಲಿ ಅದನ್ನು ಓದಿ ಸಹಿ ಹಾಕಿದ ಮೇಲಿನವರು ಇದ್ದಾರೆ. ಬೇಡಿಕೆ ಪತ್ರದಲ್ಲಿ ತಾರೀಖು ಬಿಟ್ಟುಹೋಗಿದ್ದರೆ ಅವರು ಅದನ್ನು ಆ ಕ್ಷಣವೇ ವಾಪಸ್ ಕಳಿಸುತ್ತಿದ್ದರು. ಹಿಂಬರಹದಲ್ಲಿ ಕಾರಣ ಬಿಟ್ಟುಹೋದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಯಾವ ತಪ್ಪನ್ನು ತಿದ್ದಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬ ಆಯ್ಕೆಯಲ್ಲಿ ಉದ್ದೇಶವಿದೆ.

ಕನ್ನಡ ಮೇಷ್ಟ್ರುಗಳ ವಾದಕ್ಕೆ ದೊಡ್ಡ ಹೆಸರುಗಳ ಬೆಂಬಲವಿದೆ. ಸರಳ ಭಾಷೆ ಎಂದರೆ ರೂಢಿಯ ಯೋಚನೆಯ ಭಾಷೆ, ರೂಢಿಯನ್ನು ಮುರಿಯಬೇಕಾದರೆ ಭಾಷೆಯನ್ನೂ ಮುರಿಯಬೇಕು ಎಂಬುದು ಅದು. 1998ರಲ್ಲಿ ಅಮೆರಿಕದ ಒಂದು ವಿದ್ವತ್ ಪತ್ರಿಕೆ ವರ್ಷದ ಕೆಟ್ಟ ವಾಕ್ಯಕ್ಕೆ ಕೊಡುತ್ತಿದ್ದ ಕುಚೋದ್ಯದ ಬಹುಮಾನವನ್ನು ಜುಡಿತ್ ಬಟ್ಲರ್ ಅವರಿಗೆ ಕೊಟ್ಟಿತು. ಮರುವರ್ಷ ಅವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಉತ್ತರ ಬರೆದು ಇದೇ ವಾದ ಮುಂದಿಟ್ಟರು. ಗುಲಾಮರನ್ನು ಇಟ್ಟುಕೊಳ್ಳುವುದೂ ಒಂದು ಕಾಲಕ್ಕೆ ಸಾಮಾನ್ಯ ಜ್ಞಾನವೇ ಆಗಿತ್ತಲ್ಲ ಎಂದರು. ಒಳ್ಳೆಯ ಮಾತು. ಅದು ಒಳ್ಳೆಯ ಮಾತೆಂದು ನನಗೆ ಗೊತ್ತಾದದ್ದು ಆ ಉತ್ತರವನ್ನು ಅವರು ಪೇಪರ್ ಓದುವ ಯಾರಿಗೂ ತಿಳಿಯುವ ಇಂಗ್ಲಿಷಿನಲ್ಲಿ ಬರೆದದ್ದರಿಂದ.

ರೂಢಿ ಮುರಿಯಲು ಜಟಿಲ ಗದ್ಯ ಬೇಕು ಎನ್ನುವವರಿಗೆ ನಮ್ಮ ದೇಶದಲ್ಲಿ ಅಂಬೇಡ್ಕರ್ ಒಬ್ಬರೇ ಸಾಕು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ 1936ರ ಸಮ್ಮೇಳನಕ್ಕೆಂದು ಅವರು ಸಿದ್ಧಪಡಿಸಿದ ಅಧ್ಯಕ್ಷ ಭಾಷಣ ‘ಜಾತಿ ವಿನಾಶ’. ಸಾವಿರಾರು ವರ್ಷದ ರೂಢಿಯ ಬುಡಕ್ಕೇ ಕೊಡಲಿ ಹಾಕಿದ ಬರಹ. ಒಂದಾದ ಮೇಲೊಂದು ಪ್ರಶ್ನೆ ಎತ್ತಿ, ಎದುರಾಳಿಯ ಸಮರ್ಥನೆಯನ್ನು ನ್ಯಾಯವಾಗಿ ಮುಂದಿಟ್ಟು, ಅದನ್ನು ಕೆಡವುತ್ತ ಹೋಗುತ್ತದೆ. ಪ್ರತಿಯನ್ನು ಮೊದಲೇ ಓದಿದ ಸಂಘಟಕರು ಬೆಚ್ಚಿದರು, ಕೆಲವು ಭಾಗ ಕೈಬಿಡಿ ಎಂದರು, ಅಂಬೇಡ್ಕರ್ ಒಪ್ಪಲಿಲ್ಲ, ಸಮ್ಮೇಳನ ರದ್ದಾಯಿತು. ಅವರು ಅದನ್ನು ತಾವೇ ಅಚ್ಚು ಹಾಕಿಸಿದರು. ರದ್ದಾದದ್ದು ಭಾಷಣ ಅರ್ಥವಾದದ್ದರಿಂದ. ನಮ್ಮ ಇವತ್ತಿನ ವಿಚಾರ ಸಂಕಿರಣಗಳಲ್ಲಿ ‘ಪ್ರಭುತ್ವದ ಯಜಮಾನ್ಯ ಸಂಕಥನಗಳನ್ನು ಛಿದ್ರಗೊಳಿಸುವ’ ಪ್ರಬಂಧಗಳನ್ನು ಪ್ರಭುತ್ವದ ಅನುದಾನದಲ್ಲೇ ಓದಲಾಗುತ್ತದೆ, ಮಂತ್ರಿಗಳು ಉದ್ಘಾಟಿಸಿ ಹೋಗುತ್ತಾರೆ, ಯಾರಿಗೂ ಬಿಸಿ ತಾಗುವುದಿಲ್ಲ.

ಇಂಥ ಗದ್ಯಕ್ಕೆ ನಾನು ಬಳಸುವ ಪರೀಕ್ಷೆ ಒಂದಿದೆ. ‘ಪಠ್ಯದ ಅಸ್ಮಿತೆಯು ಸಂಕಥನಾತ್ಮಕ ನೆಲೆಗಳ ಮುಖಾಮುಖಿಯಲ್ಲಿ ರೂಪುಗೊಳ್ಳುತ್ತದೆ’ ಎಂಬ ಬಗೆಯ ವಾಕ್ಯ ಸಿಕ್ಕರೆ ಕೊನೆಯಲ್ಲಿ ‘ರೂಪುಗೊಳ್ಳುವುದಿಲ್ಲ’ ಎಂದು ಬದಲಿಸಿ ಓದುತ್ತೇನೆ. ಮುಂದಿನ ಪುಟಗಳಲ್ಲಿ ಎಲ್ಲೂ ಎಡವದಿದ್ದರೆ ಅಲ್ಲಿ ಏನನ್ನೂ ಹೇಳಿರಲಿಲ್ಲ ಎಂದೇ ಅರ್ಥ. ಭೌತವಿಜ್ಞಾನಿ ಅಲನ್ ಸೋಕಲ್ 1996ರಲ್ಲಿ ಬೇಕೆಂದೇ ಅಸಂಬದ್ಧ ಲೇಖನವೊಂದನ್ನು ‘ಸೋಷಿಯಲ್ ಟೆಕ್ಸ್ಟ್’ ಎಂಬ ಪತ್ರಿಕೆಗೆ ಕೊಟ್ಟು ಅಚ್ಚು ಹಾಕಿಸಿದ್ದನ್ನು ಹಿಂದಿನ ಲೇಖನದಲ್ಲಿ ಪ್ರಸ್ತಾಪಿಸಿದ್ದಕ್ಕೆ, ಒಂದು ಪತ್ರಿಕೆ ಮೋಸಹೋದ ಮಾತ್ರಕ್ಕೆ ಇಡೀ ಶಾಸ್ತ್ರ ಪೊಳ್ಳಾಗುತ್ತದೆಯೇ ಎಂದು ಕೇಳಿದ್ದಾರೆ. ಆಗುವುದಿಲ್ಲ. ಆ ಲೇಖನವನ್ನು ಬೇರೆ ತಜ್ಞರ ಪರಿಶೀಲನೆಗೆ ಕಳಿಸಿರಲೂ ಇಲ್ಲ. ಸಂಪಾದಕರು ತಮಗೆ ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನಲು ಹಿಂಜರಿದರು ಎಂಬಷ್ಟನ್ನು ಮಾತ್ರ ಅದು ತೋರಿಸುತ್ತದೆ. ನನ್ನ ವಾದಕ್ಕೆ ಅಷ್ಟು ಸಾಕು. ಗಹನವಾದದ್ದನ್ನು ಕನ್ನಡದಲ್ಲಿ ತಿಳಿಯಾಗಿ ಬರೆಯಲಾಗದು ಎನ್ನುವವರು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆಗೆದು ನೋಡಲಿ. ಸಸ್ಯಶಾಸ್ತ್ರದ ವರ್ಗೀಕರಣವನ್ನು ನಗುನಗುತ್ತ ಓದಿಸಿದ ಆ ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನವೂ ಬಂತು.

“ಹಾಗಾದರೆ ಅಲ್ಲಮ?” ಇದನ್ನು ಕೇಳಿದವರು ಒಬ್ಬರಲ್ಲ. ಬೆಡಗಿನ ವಚನಗಳು ಯಾರಿಗೆ ಸುಲಭವಾಗಿ ಅರ್ಥವಾಗುತ್ತವೆ, ಶರೀಫರ ತತ್ವಪದದಲ್ಲಿ ಕೋಳಿ ಕೋಡಗನನ್ನು ನುಂಗುವುದೇಕೆ, ಅವರೂ ನಿಮ್ಮ ಕಟಕಟೆಗೆ ಬರಬೇಕೇ ಎಂದು. ಅವರು ಬರಬೇಕಿಲ್ಲ. ಬೆಡಗು ತಾನು ಬೆಡಗು ಎಂದು ಮೊದಲ ಸಾಲಿನಲ್ಲೇ ಹೇಳಿಕೊಂಡು ಬರುತ್ತದೆ. ಬಿಡಿಸಲಾಗದಿದ್ದರೆ ಯಾರ ಜಮೀನೂ ಹೋಗುವುದಿಲ್ಲ, ಬಿಡಿಸಿದರೆ ಲಾಭ ಕೇಳುವವರಿಗೇ. ಅದಕ್ಕೆ ಟೀಕೆ ಬರೆಯುವ ಪರಂಪರೆಯೂ ಕನ್ನಡದಲ್ಲಿ ಬೆಳೆದಿದೆ, ಅಂದರೆ ಗುಟ್ಟನ್ನು ಹಂಚಲೆಂದೇ ಕಟ್ಟಿದ್ದು. ಮುಚ್ಚಿದ ಅರ್ಜಿಯ ಹಿಂಬರಹಕ್ಕೆ ಯಾವ ಗುಮಾಸ್ತರೂ ಟೀಕೆ ಬರೆದುಕೊಟ್ಟಿದ್ದನ್ನು ನಾನು ಕಂಡಿಲ್ಲ. ಕೇಳಿದರೆ ಹೊರಗಿನ ಬ್ರೋಕರು ಬಿಡಿಸಿ ಹೇಳುತ್ತಾರೆ, ಅದಕ್ಕೆ ರೇಟು ಬೇರೆ.

ಜನರೇ ಭಾರದ ಭಾಷೆಯನ್ನು ಬಯಸುತ್ತಾರೆ ಎಂಬ ಆಕ್ಷೇಪದಲ್ಲೂ ಸತ್ಯಾಂಶವಿದೆ. ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರು ‘ನನ್ನ ಪಿಂಚಣಿ ಬಂದಿಲ್ಲ, ಕೊಡಿಸಿ’ ಎಂದು ಬರೆದರೆ, ಇಷ್ಟಕ್ಕೆ ದುಡ್ಡು ಯಾಕೆ ಎಂದಾರು ಮುದುಕರು. ‘ತಮ್ಮ ಘನ ಸನ್ನಿಧಾನದಲ್ಲಿ ಸವಿನಯ ಪ್ರಾರ್ಥನೆ’ ಇರಲೇಬೇಕು. ಆದರೆ ಮುದುಕರು ಆ ಭಾರವನ್ನು ಬಯಸುವುದು ಒಳಗಿನವರು ಅದೇ ಭಾಷೆಯನ್ನು ಆಡುತ್ತಾರೆ ಎಂದು ತಿಳಿದು. ಒಳಗಿನ ಭಾಷೆ ಬದಲಾದ ದಿನ ಈ ಆಕ್ಷೇಪವೂ ತಾನಾಗಿ ಬೀಳುತ್ತದೆ. ಇಂಗ್ಲಿಷಿನ ಆದೇಶಗಳು ಇನ್ನೂ ಕೆಟ್ಟದಾಗಿರುತ್ತವಲ್ಲ, ಕನ್ನಡವನ್ನೇ ಯಾಕೆ ಹಿಡಿದಿರಿ ಎಂದವರಿಗೆ, ಹೌದು, ಇರುತ್ತವೆ. ಅವನ್ನು ಇಂಗ್ಲಿಷಿನವರು ನೋಡಿಕೊಳ್ಳಲಿ.

ಉಳಿದದ್ದು ಒಂದೇ ಆಕ್ಷೇಪ: ಹೇಳುವುದು ಸುಲಭ, ದಿನಕ್ಕೆ ನೂರು ಅರ್ಜಿ ನೋಡುವ ಕಚೇರಿಯಲ್ಲಿ ಇದನ್ನು ಮಾಡುವುದು ಸಾಧ್ಯವೇ? ಇದಕ್ಕೆ ನಾನು ಹೊಸ ಯೋಜನೆ ಕೊಡಬೇಕಾದ್ದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 7ನೇ ಕಲಮಿನ 8ನೇ ಉಪಕಲಮು ತೆಗೆದು ನೋಡಿ. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣ ಏನು, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕು, ಯಾರಿಗೆ ಹಾಕಬೇಕು, ಈ ಮೂರನ್ನೂ ಅರ್ಜಿದಾರರಿಗೆ ತಿಳಿಸಲೇಬೇಕು. ನುಣುಚಿಕೊಳ್ಳುವವರು ಅಲ್ಲೂ ಇದ್ದಾರೆ. ಆದರೆ ಕಾಯ್ದೆಯ ಭಯವಿರುವ ಕಡೆ ನಮ್ಮ ಅದೇ ಕಂದಾಯ ಕಚೇರಿಗಳು, ಅದೇ ಗುಮಾಸ್ತರು, ‘ಮೂವತ್ತು ದಿನದೊಳಗೆ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ’ ಎಂದು ಹುದ್ದೆ ಮತ್ತು ವಿಳಾಸ ಸಮೇತ ಬರೆದು ಕಳಿಸುತ್ತಿದ್ದಾರೆ. ಅದರ ನಮೂನೆ ಅವರ ಕಂಪ್ಯೂಟರಿನಲ್ಲೇ ಇದೆ. ಪೋಡಿ ಅರ್ಜಿಯ ಹಿಂಬರಹಕ್ಕೆ ಹಳೆಯ ಕಡತದ ಬದಲು ಅದನ್ನು ನಕಲು ಮಾಡಲು ಆ ಹುಡುಗನಿಗೆ ಮೇಲಿನವರ ಒಂದು ಮಾತು ಸಾಕು.